ಫೀಡು, ಹಾಲು, ತರಕಾರಿ ಸೇಫ್ ಇದ್ಯಾ ಅಂತ ಚೆಕ್ ಮಾಡೋದು ಹೆಂಗೆ: ಲ್ಯಾಬಿಗೆ ಓಡೋಕೆ ಮುಂಚೆ ಓದಿ

"ಯಾವ ಲ್ಯಾಬಿಗೆ ಕೊಡ್ಲಿ, ರಿಪೋರ್ಟ್ ಎಷ್ಟು ದಿನಕ್ಕೆ ಬರತ್ತೆ" ಅಂತ ಕೇಳೋರೇ ಜಾಸ್ತಿ. ಸ್ಯಾಂಪಲ್ ಎಲ್ಲಿಂದ ತೆಗೆದ್ರಿ ಅಂತ ವಾಪಸ್ ಕೇಳಿದ್ರೆ "ಮೇಲಿದ್ದ ಚೀಲದಿಂದ ಒಂದು ಹಿಡಿ ಹಾಕ್ಕೊಂಡೆ" ಅಂತಾರೆ. ಹಂಗಾದ್ರೆ ರಿಪೋರ್ಟ್ ಬಂದ್ರೂ ಒಂದೇ ಬರದಿದ್ರೂ ಒಂದೇ. ಲ್ಯಾಬ್ ಎಷ್ಟೇ ದೊಡ್ಡದಾಗಿರ್ಲಿ ಮಷೀನ್ ಎಷ್ಟೇ ಕಾಸ್ಟ್ಲಿ ಆಗಿರ್ಲಿ ಅದು ಹೇಳೋದು ಆ ಕವರ್ ಒಳಗಿರೋ ಮಾಲಿನ ಬಗ್ಗೆ ಮಾತ್ರ, ಗೋಡೌನಲ್ಲಿ ಬಿದ್ದಿರೋ ಹತ್ತು ಟನ್ ಬಗ್ಗೆ ಅದಕ್ಕೆ ಏನೂ ಗೊತ್ತಿರಲ್ಲ. ಅದಕ್ಕೇ ಇಲ್ಲಿ ಟೆಸ್ಟಿಗಿಂತ ಮುಂಚೆ ಏನೇನು ಮಾಡ್ಬೇಕು ಅನ್ನೋದಕ್ಕೆ ಜಾಸ್ತಿ ಜಾಗ ಕೊಟ್ಟಿದೀನಿ.

ಏನನ್ನ ಹುಡುಕ್ತಾ ಇದೀರಿ ಅಂತ ಮೊದ್ಲು ತೀರ್ಮಾನ ಮಾಡಿ

"ಎಲ್ಲಾ ಟೆಸ್ಟ್ ಮಾಡಿಕೊಡಿ" ಅಂದ್ರೆ ದುಡ್ಡು ಖಾಲಿ ಆಗತ್ತೆ ಅಷ್ಟೇ. ಯಾವ ಮಾಲಲ್ಲಿ ಯಾವ ತೊಂದರೆ ಬರೋ ಚಾನ್ಸ್ ಜಾಸ್ತಿ ಅಂತ ಒಂದು ಹಾಳೆ ಮೇಲೆ ಬರ್ಕೊಳ್ಳಿ. ಮೆಕ್ಕೆಜೋಳ, ಶೇಂಗಾ ಹಿಂಡಿ, ಹತ್ತಿಕಾಳು ಹಿಂಡಿ ಅಂದ್ರೆ ಮೊದಲ ಹೆಸರು ಅಫ್ಲಾಟಾಕ್ಸಿನ್, ಅಂದ್ರೆ ಬೂಷ್ಟಿಂದ ಬರೋ ವಿಷ. ಹತ್ತಿಕಾಳಲ್ಲಿ ಗಾಸಿಪಾಲ್ ಅನ್ನೋ ವಿಷ ಬೇರೆ ಇದೆ, ದೊಡ್ಡ ದನಗಳು ಒಂದು ಮಟ್ಟಿಗೆ ತಡ್ಕೊಳ್ತವೆ, ಕೋಳಿ ಹಂದಿ ಕರುಗಳಿಗೆ ಆಗಲ್ಲ. ಫೀಡಿಗೆ ಹಾಕೋ ಕೊಬ್ಬು ಎಣ್ಣೆ ಅಂದ್ರೆ ಡಯಾಕ್ಸಿನ್ ಅನ್ನೋ ವಿಷದ ಕೆಮಿಕಲ್. ಎಳೆ ಜೋಳದ ಮೇವು, ಅದ್ರಲ್ಲೂ ಬರದಲ್ಲಿ ಬಾಡಿದ್ದು ಅಂದ್ರೆ ಸಯನೈಡ್ ಮತ್ತೆ ನೈಟ್ರೇಟ್. ಮೀನು ಹುಡಿ, ಮಾಂಸದ ಹುಡಿ ಅಂದ್ರೆ ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ. ಪ್ರೋಟೀನ್ ಲೆಕ್ಕಕ್ಕೆ ರೇಟ್ ಕಟ್ಟೋ ಮಾಲು ಯಾವುದೇ ಆಗಿರ್ಲಿ, ಕಲಬೆರಕೆ.

ಇದೆಲ್ಲಾ ಯಾರೋ ಕೂತು ಹೆದರಿಸೋಕೆ ಬರೆದಿರೋ ಪಟ್ಟಿ ಅಲ್ಲ. 1960ರಲ್ಲಿ ಇಂಗ್ಲೆಂಡಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಟರ್ಕಿ ಕೋಳಿಗಳು ಸತ್ತಾಗ ಏನು ರೋಗ ಅಂತಾನೇ ಗೊತ್ತಾಗ್ಲಿಲ್ಲ, ಆಮೇಲೆ ಬ್ರೆಜಿಲಿಂದ ಬಂದ ಬೂಷ್ಟು ಹಿಡಿದ ಶೇಂಗಾ ಹಿಂಡಿಗೆ ಹೋಗಿ ನಿಂತ್ತು, ಅಫ್ಲಾಟಾಕ್ಸಿನ್ ಪತ್ತೆ ಆಗಿದ್ದೇ ಹಂಗೆ. 1973ರಲ್ಲಿ ಅಮೆರಿಕದ ಮಿಷಿಗನ್ನಲ್ಲಿ ದನದ ಫೀಡಿಗೆ ಮೆಗ್ನೀಸಿಯಂ ಆಕ್ಸೈಡ್ ಬದಲು ಅದೇ ಕಂಪನಿ ಮಾಡ್ತಿದ್ದ ಬೆಂಕಿ ತಡೆಯೋ ಕೆಮಿಕಲ್ ಸೇರ್ಕೊಂಡು ಬಿಡ್ತು, ಎರಡರ ಬ್ರ್ಯಾಂಡ್ ಹೆಸರೂ ಹೆಚ್ಚುಕಮ್ಮಿ ಒಂದೇ ಥರ ಇತ್ತು, ಸುಮಾರು 30,000 ದನ 15 ಲಕ್ಷ ಕೋಳಿ ಕಳ್ಕೊಂಡ್ರು. ಚೀಲದ ಮೇಲಿನ ಲೇಬಲ್ ಓದೋದೂ ಒಂದು ಟೆಸ್ಟೇ ಅಂತ ನಾನು ಹೇಳೋದು ಇದಕ್ಕೇ. 1999ರಲ್ಲಿ ಬೆಲ್ಜಿಯಮ್ಮಲ್ಲಿ ಟ್ರಾನ್ಸ್‌ಫಾರ್ಮರ್ ಆಯಿಲ್ ಬೆರೆತ ಕೊಬ್ಬು ಫೀಡ್ ಒಳಗೆ ಹೋಗಿ ಕೋಳಿ ಮೊಟ್ಟೆ ಎಲ್ಲಾ ವಾಪಸ್ ತರಿಸ್ಕೋಬೇಕಾಯ್ತು.

ಗೇಟಲ್ಲೇ ಮಾಡೋ ಚೆಕ್ಕು

ಲೋಡ್ ಬಂದ ತಕ್ಷಣ ಇಳಿಸ್ಕೊಂಡು ಬಿಡೋದು ಎಲ್ಲರ ಅಭ್ಯಾಸ, ಡ್ರೈವರ್ ಬೇರೆ ಅರ್ಜೆಂಟ್ ಮಾಡ್ತಿರ್ತಾನೆ. ಆದ್ರೆ ಇಳಿಸಿದ ಮೇಲೆ ಅದು ನಿಮ್ಮ ತಲೆನೋವು, ಇಳಿಸೋಕೆ ಮುಂಚೆ ಕಳಿಸಿದವ್ರದ್ದು. ಕಾಲು ಗಂಟೆ ತಗೊಳ್ಳಿ.

ಮೊದ್ಲು ಗಾಡಿ ನೋಡಿ. ಟಾರ್ಪಾಲು ಹರಿದಿದ್ಯಾ, ತಳ ಒದ್ದೆ ಆಗಿದ್ಯಾ, ಹಿಂದಿನ ಲೋಡ್ ಏನಿತ್ತು. ಗೊಬ್ಬರ, ಕೀಟನಾಶಕ, ಹಳೆ ಬ್ಯಾಟರಿ ಹೊತ್ತ ಗಾಡಿ ತೊಳೀದೆ ಬಂದಿದ್ರೆ ಮಾಲು ಎಷ್ಟೇ ಚೆನ್ನಾಗಿದ್ರೂ ನಾನಂತೂ ಇಳಿಸಲ್ಲ. ಬ್ಯಾಟರಿ ಸೀಸ ದನಕ್ಕೆ ಎಷ್ಟು ಅಪಾಯ ಅಂದ್ರೆ ಮೇವಲ್ಲಿ ಬೆರೆತ ಒಂದು ಒಡೆದ ಬ್ಯಾಟರಿ ಹಟ್ಟಿಯಲ್ಲಿ ಸಾವು ತರೋಕೆ ಸಾಕು.

ಆಮೇಲೆ ಕಣ್ಣು, ಮೂಗು, ಕೈ. ಮುಗ್ಗಲು ವಾಸನೆ, ಗಂಟು ಕಟ್ಟಿರೋದು, ಕಾಳಿನ ಮೇಲೆ ಹಸಿರು ಬೂದಿ ಬಣ್ಣದ ಪುಡಿ, ನುಸಿ ಹುಳ, ಇಲಿ ಹಿಕ್ಕೆ, ಕೈ ಒಳಗಿಟ್ರೆ ಬಿಸಿ ಅನ್ನಿಸೋದು. ಬಿಸಿ ಇದ್ರೆ ಒಳಗೆ ಹುಳಾನೋ ಬೂಷ್ಟೋ ಕೆಲಸ ಮಾಡ್ತಾ ಇದೆ ಅಂತಾನೇ ಅರ್ಥ. ಒಂದು ಮಾತು, ಅನುಮಾನ ಬಂದ ಮಾಲಿಗೆ ಮೂಗು ತೂರಿಸಿ ಜೋರಾಗಿ ಎಳ್ಕೋಬೇಡಿ, ಆ ಪುಡಿ ನಿಮ್ಮ ಶ್ವಾಸಕೋಶಕ್ಕೂ ಒಳ್ಳೇದಲ್ಲ, ಮಾಸ್ಕ್ ಹಾಕ್ಕೊಳ್ಳಿ. ಇನ್ನೊಂದು ಮಾತು, ಬೂಷ್ಟು ಕಾಣದೆ ಇದ್ರೆ ವಿಷ ಇಲ್ಲ ಅಂತಲ್ಲ. ಬೂಷ್ಟು ಸತ್ತು ಉದುರಿ ಹೋಗಿರತ್ತೆ, ಅದು ಬಿಟ್ಟ ವಿಷ ಕಾಳೊಳಗೇ ಇರತ್ತೆ. ಕಾಳು ತೊಳೆದ್ರೆ, ಬಿಸಿಲಿಗೆ ಹಾಕಿದ್ರೆ, ಹುರಿದ್ರೆ ಪೂರ್ತಿ ಹೋಗಲ್ಲ.

ತೇವ ನೋಡೋದು ತುಂಬಾ ಮುಖ್ಯ. ಏಕದಳ ಕಾಳು ಸ್ಟೋರ್ ಮಾಡೋಕೆ 13% ಅಥವಾ ಅದಕ್ಕಿಂತ ಕಮ್ಮಿ ಇರ್ಬೇಕು, ಎಣ್ಣೆಕಾಳಿಗೆ ಇನ್ನೂ ಕಮ್ಮಿ, ಶೇಂಗಾ ಬೀಜಕ್ಕೆ 7% ಆಸುಪಾಸು. ಮೀಟರ್ ಇಲ್ವಾ? ಒಣಗಿದ ಗಾಜಿನ ಬಾಟ್ಲಿಗೆ ಮೂರನೇ ಒಂದು ಭಾಗ ಕಾಳು ಹಾಕಿ, ಒಂದೆರಡು ಚಮಚ ಚೆನ್ನಾಗಿ ಒಣಗಿರೋ ಉಪ್ಪು ಹಾಕಿ, ಮುಚ್ಚಿ ಎರಡು ಮೂರು ನಿಮಿಷ ಕುಲುಕಿ ಇಟ್ಟುಬಿಡಿ. ಉಪ್ಪು ಗಾಜಿಗೆ ಅಂಟ್ಕೊಂಡ್ರೆ ತೇವ ಸುಮಾರು 15%ಗಿಂತ ಜಾಸ್ತಿ. ಅಂಟದಿದ್ರೆ 15 ಒಳಗಿದೆ ಅಂತ ಮಾತ್ರ ಗೊತ್ತಾಗತ್ತೆ, 13ಕ್ಕೆ ಇಳಿದಿದ್ಯಾ ಅಂತ ಗೊತ್ತಾಗಲ್ಲ, ಅದಕ್ಕೆ ಮೀಟರೇ ಬೇಕು.

ಮಣ್ಣು ಮರಳು ಬೆರೆಸಿದಾರಾ ಅಂತ ನೋಡೋಕೆ ಒಂದು ಗ್ಲಾಸ್ ನೀರಿಗೆ ಒಂದು ಹಿಡಿ ಹಾಕಿ ಕದಡಿ ಬಿಡಿ, ತೌಡು ಬೂಸಾ ಮೇಲೆ ಉಳಿಯತ್ತೆ, ಮರಳು ತಳಕ್ಕೆ ಹೋಗಿ ಬೆರಳಿಗೆ ಗರಗರ ಸಿಗತ್ತೆ. ಲ್ಯಾಬಲ್ಲಿ ಇದನ್ನೇ ಆಸಿಡ್ಡಲ್ಲಿ ಕರಗದ ಬೂದಿ ಅಂತ ಅಳೀತಾರೆ.

ಪ್ರೋಟೀನ್ ನಂಬರ್ ನೋಡಿ ಮೋಸ ಹೋಗ್ಬೇಡಿ

ಇದನ್ನ ಬೇರೆಯಾಗಿ ಹೇಳಲೇಬೇಕು. ಸಾಮಾನ್ಯ ಲ್ಯಾಬ್ ಟೆಸ್ಟಲ್ಲಿ ಪ್ರೋಟೀನನ್ನ ಯಾರೂ ನೇರವಾಗಿ ಅಳೆಯಲ್ಲ. ನೈಟ್ರೋಜನ್ ಅಳೆದು 6.25ರಿಂದ ಗುಣಿಸ್ತಾರೆ. ಯೂರಿಯಾದಲ್ಲಿ 46% ನೈಟ್ರೋಜನ್ ಇದೆ, ಗುಣಿಸಿದ್ರೆ 287% "ಪ್ರೋಟೀನ್" ಬರತ್ತೆ, ಅಂದ್ರೆ ಫೀಡಿಗೆ 1% ಯೂರಿಯಾ ಬೆರೆಸಿದ್ರೆ ರಿಪೋರ್ಟಲ್ಲಿ ಪ್ರೋಟೀನ್ ಹತ್ತತ್ರ 3% ಏರತ್ತೆ. ಮೆಲಮಿನ್ ಅನ್ನೋ ಪ್ಲಾಸ್ಟಿಕ್ ಕಚ್ಚಾ ವಸ್ತುವಲ್ಲಿ ಇನ್ನೂ ಜಾಸ್ತಿ, ಸುಮಾರು 66% ನೈಟ್ರೋಜನ್. 2007ರಲ್ಲಿ ನಾಯಿ ಬೆಕ್ಕಿನ ಆಹಾರದಲ್ಲಿ, 2008ರಲ್ಲಿ ಚೀನಾದ ಹಾಲಲ್ಲಿ ಸಿಕ್ಕಿದ್ದು ಇದೇ ಆಟ, ಸುಮಾರು ಮೂರು ಲಕ್ಷ ಮಕ್ಕಳಿಗೆ ಹುಷಾರಿಲ್ಲದೆ ಆಯ್ತು.

ದೊಡ್ಡ ದನಕ್ಕೆ ಲೆಕ್ಕದಲ್ಲಿ ಯೂರಿಯಾ ಕೊಡೋದಿದೆ, ಅದು ಬೇರೆ ವಿಷಯ, ಆದ್ರೆ ಹೇಳದೆ ಬೆರೆಸಿದ್ರೆ ಕಲಬೆರಕೆನೇ. ಮನೇಲೇ ನೋಡ್ಬಹುದು. ಎರಡು ಸಣ್ಣ ಬಾಟ್ಲಿ ತಗೊಂಡು ಎರಡರಲ್ಲೂ ಒಂದು ಚಮಚ ಫೀಡ್ ಸ್ವಲ್ಪ ಬೆಚ್ಚಗಿನ ನೀರು ಹಾಕಿ, ಒಂದಕ್ಕೆ ಮಾತ್ರ ಹುರಿಯದ ಹಸಿ ಸೋಯಾ ಕಾಳಿನ ಪುಡಿ ಸೇರಿಸಿ, ಮುಚ್ಚಿ ಅರ್ಧ ಗಂಟೆ ಬಿಡಿ. ಸೋಯಾದಲ್ಲಿರೋ ಯೂರಿಯೇಸ್ ಅನ್ನೋ ಕಿಣ್ವ ಯೂರಿಯಾನ ಒಡೆದು ಅಮೋನಿಯಾ ಮಾಡತ್ತೆ, ಸೋಯಾ ಹಾಕಿದ ಬಾಟ್ಲಿ ಮಾತ್ರ ಅಮೋನಿಯಾ ಘಾಟು ಹೊಡೆದ್ರೆ, ಅಥವಾ ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದ ಬಾಯಿಗೆ ಹಿಡಿದ್ರೆ ನೀಲಿ ಆದ್ರೆ, ಯೂರಿಯಾ ಇದೆ. ಹುರಿದ ಸೋಯಾ ಹಾಕಿದ್ರೆ ಕೆಲಸ ಮಾಡಲ್ಲ, ಬಿಸಿಗೆ ಯೂರಿಯೇಸ್ ಸತ್ತು ಹೋಗಿರತ್ತೆ. ಮೆಲಮಿನ್ ಇದ್ರಲ್ಲಿ ಸಿಕ್ಕಿ ಬೀಳಲ್ಲ, ಅದಕ್ಕೆ ಲ್ಯಾಬೇ ಗತಿ. ಪ್ರೋಟೀನ್ ಜಾಸ್ತಿ ರೇಟ್ ಕಮ್ಮಿ ಅಂದ ಕಡೆ ನಿಜವಾದ ಪ್ರೋಟೀನ್ ಮತ್ತೆ ಪ್ರೋಟೀನ್ ಅಲ್ಲದ ನೈಟ್ರೋಜನ್ ಬೇರೆ ಬೇರೆ ಮಾಡಿ ರಿಪೋರ್ಟ್ ಕೊಡಿ ಅಂತ ಬರೆದು ಕೇಳಿ.

ಸ್ಯಾಂಪಲ್ ತೆಗೆಯೋದು

ಅಫ್ಲಾಟಾಕ್ಸಿನ್ ಮಾಲಿನಲ್ಲೆಲ್ಲಾ ಸಮನಾಗಿ ಹರಡ್ಕೊಂಡು ಇರಲ್ಲ. ಒಂದು ಮೂಲೆಲಿ ನೀರು ಬಿದ್ದ ಜಾಗದಲ್ಲಿ, ಹುಳ ಕೊರೆದ ನಾಲ್ಕು ಕಾಳಲ್ಲಿ ವಿಪರೀತ ಇರತ್ತೆ, ಪಕ್ಕದಲ್ಲೇ ಸೊನ್ನೆ ಇರತ್ತೆ. ಒಂದೇ ಜಾಗದಿಂದ ತೆಗೆದ್ರೆ ಒಂದೋ ಸೊನ್ನೆ ಬರತ್ತೆ ಇಲ್ಲ ಗಾಬರಿ ಬೀಳೋ ನಂಬರ್ ಬರತ್ತೆ, ಎರಡೂ ಸುಳ್ಳೇ. ಇಡೀ ಟೆಸ್ಟಿಂಗಲ್ಲಿ ಆಗೋ ಎಡವಟ್ಟಲ್ಲಿ ದೊಡ್ಡ ಪಾಲು ಮಷೀನಿಂದು ಅಲ್ಲ, ಸ್ಯಾಂಪಲಿಂದೇ.

ಹಂಗಾಗಿ ಸ್ವಲ್ಪ ಸ್ವಲ್ಪ ತುಂಬಾ ಜಾಗದಿಂದ ತೆಗೀಬೇಕು. ಯುರೋಪಿಯನ್ ಒಕ್ಕೂಟದ ಫೀಡ್ ನಿಯಮದಲ್ಲಿ ಸಡಿಲವಾಗಿ ಸುರಿದ ಮಾಲು 2.5 ಟನ್ ಒಳಗಿದ್ರೆ 7 ಕಡೆಯಿಂದ, ಅದಕ್ಕಿಂತ ಜಾಸ್ತಿ ಇದ್ರೆ ಟನ್ ಲೆಕ್ಕವನ್ನ 20ರಿಂದ ಗುಣಿಸಿ ಅದರ ವರ್ಗಮೂಲದಷ್ಟು ಕಡೆಯಿಂದ. 10 ಟನ್ ಅಂದ್ರೆ 200ರ ವರ್ಗಮೂಲ, ಅಂದ್ರೆ ಸುಮಾರು 14 ಜಾಗ. ಇದು ಸಮನಾಗಿ ಹರಡಿರೋ ವಸ್ತುಗಳಿಗೆ, ಬೂಷ್ಟಿನ ವಿಷಕ್ಕೆ ಇನ್ನೂ ಜಾಸ್ತಿ ಜಾಗ ಬೇಕು. ನಿಮಗೆ ಈ ಲೆಕ್ಕ ಕಡ್ಡಾಯ ಅಲ್ಲದೇ ಇರ್ಬಹುದು, ಆದ್ರೆ ಅಂದಾಜಿಗೆ ಒಳ್ಳೇದು.

ಚೀಲಕ್ಕೆ ಚುಚ್ಚೋ ಕೊಳವೆ ಉದ್ದ ಇರ್ಬೇಕು, ಮೇಲೆ ಮಧ್ಯ ತಳ ಮೂರೂ ಸಿಗ್ಬೇಕು. ಬೆಸ್ಟ್ ಅಂದ್ರೆ ಮಾಲು ಇಳಿಸುವಾಗ ಹರೀತಾ ಇರತ್ತಲ್ಲ ಆಗ ಸ್ವಲ್ಪ ಸ್ವಲ್ಪ ಹೊತ್ತಿಗೆ ಒಂದೊಂದು ಮಗ್ ಹಿಡಿಯೋದು, ನಿಂತ ರಾಶಿಗಿಂತ ಹರಿಯೋ ಮಾಲಿನ ಸ್ಯಾಂಪಲ್ ನಿಜಕ್ಕೆ ಹತ್ತಿರ. ತೆಗೆದಿದ್ದೆಲ್ಲಾ ಒಂದು ಶುದ್ಧವಾದ ಶೀಟ್ ಮೇಲೆ ಸುರಿದು ಚೆನ್ನಾಗಿ ಕಲಸಿ, ರಾಶಿ ಮಾಡಿ, ಚಪ್ಪಟೆ ಮಾಡಿ, ನಾಲ್ಕು ಭಾಗ ಮಾಡಿ, ಎದುರು ಬದುರು ಎರಡು ಭಾಗ ಬಿಸಾಕಿ ಉಳಿದಿದ್ದನ್ನ ಮತ್ತೆ ಕಲಸಿ, ಹಿಂಗೇ ಮಾಡ್ತಾ ಬೇಕಾದ ತೂಕಕ್ಕೆ ಇಳಿಸಿ. ಸಾಧ್ಯ ಆದ್ರೆ ಕಾಳನ್ನ ಮೊದ್ಲೇ ಪುಡಿ ಮಾಡಿಸಿ ಆಮೇಲೆ ಭಾಗ ಮಾಡಿ, ತುಂಬಾ ವ್ಯತ್ಯಾಸ ಬರತ್ತೆ. ಕೊನೇಲಿ ಅರ್ಧ ಅರ್ಧ ಕೆಜಿಯ ಮೂರು ಕವರ್: ಒಂದು ಲ್ಯಾಬಿಗೆ, ಒಂದು ನಿಮ್ಮ ಹತ್ರ, ಒಂದು ಮಾಲು ಕೊಟ್ಟವ್ರಿಗೆ. ಮೂರಕ್ಕೂ ಸೀಲ್, ಅವ್ರ ಎದುರೇ ಸಹಿ. ಆಮೇಲೆ ಜಗಳ ಆದಾಗ ಮಾತಾಡೋದು ಈ ಸೀಲ್ ಆಗಿರೋ ಕವರ್‌ಗಳೇ.

ಕೆಟ್ಟದಾಗಿ ಕಾಣೋ ಗಂಟು ಸಿಕ್ಕಿದ್ರೆ ಅದನ್ನ ಈ ಸ್ಯಾಂಪಲಿಗೆ ಬೇಕಂತ ಸೇರಿಸ್ಬೇಡಿ, ಬೇಕಂತ ಬಿಡಲೂಬೇಡಿ. ಬೇರೆ ಕವರಿಗೆ ಹಾಕಿ "ಅನುಮಾನದ ಜಾಗ" ಅಂತ ಬರೆದು ಅದನ್ನೂ ಕಳಿಸಿ.

ಕಳಿಸುವಾಗ: ಒಣ ಕಾಳು ಫೀಡು ಕಾಗದದ ಅಥವಾ ಬಟ್ಟೆ ಚೀಲದಲ್ಲಿ, ಹಸಿ ತೇವ ಇರೋದನ್ನ ಪ್ಲಾಸ್ಟಿಕ್ಕಲ್ಲಿ ಕಟ್ಟಿ ಹಂಗೇ ಬಿಟ್ರೆ ದಾರೀಲೇ ಬೂಷ್ಟು ಬೆಳೆಯತ್ತೆ, ಫ್ರೀಜ್ ಮಾಡಿ ಕಳಿಸಿ. ತೇವ ಅಳೆಯೋಕೆ ಅಂತ ಕಳಿಸೋದಾದ್ರೆ ಮಾತ್ರ ಗಾಳಿ ಆಡದ ಡಬ್ಬಿ. ಹಾಲು ಐಸ್ ಜೊತೆ. ಕೀಟನಾಶಕ ನೋಡೋಕೆ ಕಳಿಸೋ ತರಕಾರಿನ ತೊಳೀಬೇಡಿ, ಹೆಚ್ಚಬೇಡಿ.

ಲ್ಯಾಬ್ ಮತ್ತೆ ಸ್ಟ್ರಿಪ್

ಸ್ಟ್ರಿಪ್ ಟೆಸ್ಟ್ ಕೆಲವೇ ನಿಮಿಷದಲ್ಲಿ ಆಗತ್ತೆ, ಗೇಟಲ್ಲೇ ಹೌದು ಅಲ್ಲ ಅಂತ ತೀರ್ಮಾನ ಮಾಡೋಕೆ ಸಾಕು. ಎಲೈಸಾ ಅನ್ನೋ ಕಿಟ್ ಟೆಸ್ಟ್ ಅದಕ್ಕಿಂತ ಒಂದು ಹೆಜ್ಜೆ ಮೇಲೆ. ಕೋರ್ಟು, ಎಕ್ಸ್‌ಪೋರ್ಟು, ಪೇಮೆಂಟ್ ಜಗಳ ಅಂದ್ರೆ ಎಚ್‌ಪಿಎಲ್‌ಸಿ ಅಥವಾ ಎಲ್‌ಸಿ-ಎಂಎಸ್ ಅನ್ನೋ ದೊಡ್ಡ ಲ್ಯಾಬ್ ಮಷೀನಿನ ರಿಪೋರ್ಟೇ ಬೇಕು. ಕಪ್ಪು ದೀಪ ಅಂತ 365 ನ್ಯಾನೋಮೀಟರ್ ಯುವಿ ಲೈಟ್ ಹಿಡಿದು ಹಸಿರು ಹಳದಿ ಹೊಳಪು ನೋಡೋದೂ ಇದೆ, ಅದು ಅಫ್ಲಾಟಾಕ್ಸಿನ್ ಹೊಳೆಯೋದಲ್ಲ, ಆ ಬೂಷ್ಟು ಮಾಡೋ ಕೋಜಿಕ್ ಆಸಿಡ್ ಇಂದ ಬರೋ ಹೊಳಪು. ಹೊಳೆದ್ರೆ ಟೆಸ್ಟ್ ಮಾಡಿಸಿ, ಹೊಳೀದಿದ್ರೆ ಸೇಫ್ ಅಂತ ಅಂದ್ಕೋಬೇಡಿ.

ಲ್ಯಾಬಿಗೆ ಐಎಸ್‌ಒ/ಐಇಸಿ 17025 (ಟೆಸ್ಟಿಂಗ್ ಲ್ಯಾಬ್‌ಗಳ ಅಂತರರಾಷ್ಟ್ರೀಯ ಮಾನದಂಡ) ಮಾನ್ಯತೆ ಇದ್ಯಾ ಅಂತ ಎಲ್ಲರೂ ಕೇಳ್ತಾರೆ, ನಿಮ್ಮ ಟೆಸ್ಟು ನಿಮ್ಮ ಮಾಲು ಆ ಮಾನ್ಯತೆಯ ಪಟ್ಟಿಯಲ್ಲಿ ಇದ್ಯಾ ಅಂತ ಯಾರೂ ಕೇಳಲ್ಲ. ನೀರಿನ ಟೆಸ್ಟಿಗೆ ಮಾನ್ಯತೆ ಇಟ್ಕೊಂಡು ಫೀಡ್ ರಿಪೋರ್ಟ್ ಕೊಡೋಕಾಗಲ್ಲ. ಇನ್ನೊಂದು, ರಿಪೋರ್ಟಲ್ಲಿ "ಪತ್ತೆ ಆಗಿಲ್ಲ" ಅಂತ ಬಂದ್ರೆ ಖುಷಿ ಪಡೋಕೆ ಮುಂಚೆ ಎಷ್ಟರವರೆಗೆ ಪತ್ತೆ ಮಾಡೋ ತಾಕತ್ತಿದೆ ಅಂತ ನೋಡಿ. ನಿಮ್ಮ ಮಿತಿ 5 ಪಿಪಿಬಿ (ಕೆಜಿಗೆ 5 ಮೈಕ್ರೋಗ್ರಾಂ), ಲ್ಯಾಬ್ ನೋಡೋಕಾಗೋದೇ 10ರಿಂದ ಮೇಲೆ ಅಂದ್ರೆ ಆ ಸಾಲಿಗೆ ಬೆಲೆ ಇಲ್ಲ.

ಫೀಡಿಂದ ಹಾಲಿಗೆ

ದನ ತಿಂದ ಅಫ್ಲಾಟಾಕ್ಸಿನ್ ಬಿ1 ಹಾಲಲ್ಲಿ ಎಂ1 ಆಗಿ ಬರತ್ತೆ, ಸಾಮಾನ್ಯವಾಗಿ ತಿಂದಿದ್ದರ 1ರಿಂದ 2%, ಜಾಸ್ತಿ ಹಾಲು ಕೊಡೋ ದನದಲ್ಲಿ 6%ವರೆಗೂ. ಕಾಯಿಸಿದ್ರೆ ಹೋಗಲ್ಲ. ಲೆಕ್ಕ ಹಾಕಿ ನೋಡಿ: ದನ ದಿನಕ್ಕೆ 10 ಕೆಜಿ ಫೀಡ್ ತಿನ್ನತ್ತೆ, ಫೀಡಲ್ಲಿ ಬಿ1 20 ಪಿಪಿಬಿ ಇದೆ, ಅಂದ್ರೆ 200 ಮೈಕ್ರೋಗ್ರಾಂ ಹೊಟ್ಟೆಗೆ ಹೋಯ್ತು. ಅದರ 2% ಅಂದ್ರೆ 4 ಮೈಕ್ರೋಗ್ರಾಂ, 20 ಲೀಟರ್ ಹಾಲಲ್ಲಿ ಹಂಚಿದ್ರೆ ಲೀಟರಿಗೆ 0.2. ಕೋಡೆಕ್ಸ್ ಅನ್ನೋ ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಿತಿ ಕೆಜಿಗೆ 0.5, ಅದರೊಳಗಿದೆ. ಯುರೋಪಿನ ಮಿತಿ 0.05, ಅದಕ್ಕೆ ನಾಲ್ಕು ಪಟ್ಟು ಜಾಸ್ತಿ ಆಯ್ತು. ಅದೇ ಫೀಡಲ್ಲಿ 5 ಪಿಪಿಬಿ ಇದ್ದಿದ್ರೆ ಹಾಲಲ್ಲಿ 0.05, ಸರಿಯಾಗಿ ಗೆರೆ ಮೇಲೆ. ಹಾಲಿನ ದನದ ಪೂರ್ತಿ ಫೀಡಿಗೆ ಯುರೋಪಲ್ಲಿ 5 ಪಿಪಿಬಿ ಮಿತಿ ಇಟ್ಟಿರೋದು ನೋಡಿದ್ರೆ ಎರಡು ನಂಬರಿಗೂ ಇರೋ ಸಂಬಂಧ ಗೊತ್ತಾಗತ್ತೆ.

ಒಳ್ಳೇ ವಿಷಯ ಏನಂದ್ರೆ ಕೆಟ್ಟ ಫೀಡ್ ನಿಲ್ಲಿಸಿದ ಮೂರು ನಾಲ್ಕು ದಿನದಲ್ಲಿ ಎಂ1 ತುಂಬಾ ಇಳಿಯತ್ತೆ. ಹಂಗಾಗಿ ಹಾಲಲ್ಲಿ ಎಂ1 ಏರಿದ್ರೆ ಹಾಲು ಕರೆಯೋ ಜಾಗ ಹುಡುಕ್ಬೇಡಿ, ಕಳೆದ ಕೆಲವು ದಿನದಲ್ಲಿ ಯಾವ ಹೊಸ ಚೀಲ ಬಿಚ್ಚಿದ್ರಿ ಅಂತ ನೋಡಿ. ಬೆಂಟೊನೈಟ್ ಥರದ ಜೇಡಿ ಬೈಂಡರ್ (ಹೊಟ್ಟೆಯೊಳಗೆ ವಿಷನ ಹಿಡಿದಿಟ್ಕೊಳೋ ಪುಡಿ) ಅಫ್ಲಾಟಾಕ್ಸಿನಿಗೆ ಕೆಲಸ ಮಾಡತ್ತೆ, ಬೇರೆ ಬೂಷ್ಟಿನ ವಿಷಗಳಿಗೆ ಅಷ್ಟಾಗಿ ಇಲ್ಲ, ಅದನ್ನ ಹಾಕಿ ಕೆಟ್ಟ ಮಾಲು ತಿನ್ನಿಸ್ಬಹುದು ಅನ್ನೋ ಧೈರ್ಯ ಬೇಡ.

ಆಂಟಿಬಯೋಟಿಕ್ ಕೊಟ್ಟ ಪ್ರಾಣಿಗೆ ಕಾಲಿಗೆ ಬಣ್ಣದ ಪಟ್ಟಿ ಕಟ್ಟಿ, ಕೊನೇಲಿ ಕರೆದು ಹಾಲು ಬೇರೆ ಇಡಿ. ಲೇಬಲ್ ಮೇಲಿನ ವಿತ್‌ಡ್ರಾವಲ್ ಅವಧಿ, ಅಂದ್ರೆ ಹಾಲು ಬಳಸದೆ ಬಿಡ್ಬೇಕಾದ ದಿನಗಳನ್ನ, ಕೊನೇ ಡೋಸಿಂದ ಎಣಿಸೋದು, ಮೊದಲ ಡೋಸಿಂದ ಅಲ್ಲ. ಡಾಕ್ಟರ್ ಲೇಬಲಲ್ಲಿ ಇಲ್ಲದ ಡೋಸ್ ಕೊಟ್ಟಿದ್ರೆ ಅವಧಿ ಎಷ್ಟು ಅಂತ ಅವರ ಹತ್ರಾನೇ ಬರೆಸ್ಕೊಳ್ಳಿ. ಮೊಟ್ಟೆ ಮಾಂಸಕ್ಕೆ ಅವಧಿ ಬೇರೆ ಇರತ್ತೆ, ಹಾಲಿನ ಲೆಕ್ಕ ಅಲ್ಲಿ ನಡೆಯಲ್ಲ.

ರಸಮೇವು (ಸೈಲೇಜ್) ಇದ್ರೆ ಪಿಎಚ್, ಅಂದ್ರೆ ಹುಳಿ ಮಟ್ಟ ನೋಡಿ, ಮೆಕ್ಕೆಜೋಳದ್ದು 4ರ ಆಸುಪಾಸು ಇರ್ಬೇಕು. 5 ದಾಟಿದ ಜಾಗದಲ್ಲಿ ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾ ಬೆಳೆಯೋಕೆ ದಾರಿ ಆಗತ್ತೆ, ಆ ಪದರ ತೆಗೆದು ಬಿಸಾಕಿ.

ತರಕಾರಿ ಹಣ್ಣು

ಇಲ್ಲಿ ಅರ್ಧ ಕೆಲಸ ನೋಟ್‌ಬುಕ್ಕಲ್ಲೇ ಮುಗಿಯತ್ತೆ. ಯಾವ ಔಷಧಿ, ಎಷ್ಟು, ಯಾವ ದಿನ ಹೊಡೆದ್ರಿ ಅಂತ ಬರೆದಿಡಿ, ಕೊಯ್ಲಿಗೆ ಎಷ್ಟು ದಿನ ಬಿಡ್ಬೇಕು ಅಂತ ಲೇಬಲಲ್ಲಿ ಇರತ್ತೆ, ಆ ದಿನ ದಾಟೋವರೆಗೆ ಕೊಯ್ಯಂಗಿಲ್ಲ ಅಷ್ಟೇ. ಗಿಡದ ಒಳಗೆ ಸೇರೋ ಔಷಧಿನ ಉಪ್ಪು ನೀರಲ್ಲಿ ತೊಳೆದ್ರೆ ಹೋಗಲ್ಲ. ಕಳಿಯದ ಹಸಿ ಸಗಣಿ ಗೊಬ್ಬರ ಹಾಕಿದ್ರೆ ಅಮೆರಿಕದ ಸಾವಯವ ನಿಯಮದಲ್ಲಿ ತಿನ್ನೋ ಭಾಗ ಮಣ್ಣಿಗೆ ತಾಗೋ ಬೆಳೆಗೆ ಕೊಯ್ಲಿಗೆ 120 ದಿನ, ತಾಗದ ಬೆಳೆಗೆ 90 ದಿನ ಅಂತರ ಇದೆ, ಹಸಿಯಾಗಿ ತಿನ್ನೋ ಸೊಪ್ಪು ಬೆಳೆಯೋರು ಇದನ್ನ ಗೋಡೆಗೆ ಅಂಟಿಸ್ಕೊಳ್ಳಿ. ಕೊಯ್ದ ಮೇಲೆ ತೊಳೆಯೋ ನೀರು ಕುಡಿಯೋ ನೀರಿನಷ್ಟೇ ಚೆನ್ನಾಗಿರ್ಬೇಕು, ಇಲ್ಲಾಂದ್ರೆ ಒಂದು ಗಿಡದ ಕೊಳೆನ ಇಡೀ ಬುಟ್ಟಿಗೆ ಹಂಚಿದಂಗೆ ಆಗತ್ತೆ.

ಮಿಕ್ಸರ್ ಒಳಗೆ ಆಗೋ ಎಡವಟ್ಟು

ಒಳ್ಳೇ ಮಾಲು ಕೂಡ ತಪ್ಪು ಪ್ರಾಣಿಗೆ ಹೋದ್ರೆ ವಿಷ. ಕೋಳಿ ದನದ ಫೀಡಿಗೆ ಹಾಕೋ ಮೊನೆನ್ಸಿನ್ ಅನ್ನೋ ಔಷಧಿ ಕುದುರೆಗೆ ಸಾವು. ಹಂದಿ ಕೋಳಿ ತಡ್ಕೊಳೋ ತಾಮ್ರ ಕುರಿಗೆ ಆಗಲ್ಲ. ಔಷಧಿ ಹಾಕಿದ ಬ್ಯಾಚ್ ಆದ್ಮೇಲೆ ಬರೀ ನುಚ್ಚು ತೌಡು ಹಾಕಿ ಮಿಕ್ಸರ್ ತಿರುಗಿಸಿ ಆ ಮಾಲನ್ನ ಬೇರೆ ಇಟ್ಟು, ಆಮೇಲೆ ಔಷಧಿ ಇಲ್ಲದ ಬ್ಯಾಚ್ ಮಾಡಿ. ಯಾವುದರ ಹಿಂದೆ ಯಾವುದು ಅನ್ನೋ ಕ್ರಮ ಬೋರ್ಡ್ ಮೇಲೆ ಬರೆದಿರ್ಲಿ, ಅದು ಯಾರೋ ಒಬ್ಬರ ತಲೇಲಿ ಮಾತ್ರ ಇದ್ರೆ ಅವರು ರಜೆ ಹಾಕಿದ ದಿನ ಕೆಲಸ ಕೆಡತ್ತೆ.

ರೆಕಾರ್ಡು, ಮತ್ತೆ ಫೇಲ್ ಆದಾಗ

ಪ್ರತಿ ಲೋಡಿಗೆ ಒಂದು ನಂಬರ್ ಕೊಡಿ. ಎಲ್ಲಿಂದ ಬಂತು, ಯಾವತ್ತು, ಎಷ್ಟು, ತೇವ ಎಷ್ಟಿತ್ತು, ಯಾವ ಬ್ಯಾಚಿಗೆ ಹೋಯ್ತು, ಆ ಬ್ಯಾಚ್ ಯಾರಿಗೆ ಹೋಯ್ತು. ಹಿಂದಕ್ಕೆ ಒಂದು ಹೆಜ್ಜೆ, ಮುಂದಕ್ಕೆ ಒಂದು ಹೆಜ್ಜೆ ಗೊತ್ತಿದ್ರೆ ಸಾಕು. ಸಾಫ್ಟ್‌ವೇರ್ ಬೇಕಿಲ್ಲ, ನೋಟ್‌ಬುಕ್ಕೇ ಸಾಕು, ಆದ್ರೆ ಸಂಜೆ ಕೂತು ನೆನಪಿಂದ ಬರೆಯೋದಲ್ಲ, ಆಗಿಂದಾಗ್ಲೇ ಬರೀಬೇಕು. ನಿಮ್ಮ ಹತ್ರ ಇಟ್ಕೊಂಡ ಸೀಲ್ ಕವರನ್ನ ಆ ಲಾಟ್ ತಿಂದ ಪ್ರಾಣಿಯ ಹಾಲು ಮೊಟ್ಟೆ ಮಾಂಸ ಖರ್ಚಾಗಿ ಮುಗಿಯೋವರೆಗೆ ತಂಪಾದ ಒಣ ಜಾಗದಲ್ಲಿ ಇಡಿ. ಮೀಟರ್‌ಗಳನ್ನೂ ಆಗಾಗ ಚೆಕ್ ಮಾಡಿ, ಥರ್ಮಾಮೀಟರ್ ಐಸ್ ನೀರಲ್ಲಿ ಸೊನ್ನೆ ತೋರಿಸ್ಬೇಕು, ಪಿಎಚ್ ಮೀಟರ್ 4 ಮತ್ತೆ 7ರ ದ್ರಾವಣದಲ್ಲಿ ಸರಿ ಬರ್ಬೇಕು.

ರಿಪೋರ್ಟ್ ಫೇಲ್ ಅಂತ ಬಂದ್ರೆ ಮೊದ್ಲು ಆ ಲಾಟನ್ನ ಬೇರೆ ಮಾಡಿ, ಟೇಪ್ ಸುತ್ತಿ, ಮುಟ್ಬೇಡಿ ಅಂತ ಬೋರ್ಡ್ ಹಾಕಿ. ಆಮೇಲೆ ನೋಟ್‌ಬುಕ್ ತೆಗೆದು ಎಲ್ಲೆಲ್ಲಿ ಹೋಗಿದೆ ನೋಡಿ, ತಗೊಂಡವ್ರಿಗೆ ಅವತ್ತೇ ಫೋನ್ ಮಾಡಿ, ಎರಡನೇ ರಿಪೋರ್ಟ್ ಬರ್ಲಿ ಅಂತ ಕಾಯಬೇಡಿ. ಒಳ್ಳೇ ಮಾಲಿಗೆ ಸ್ವಲ್ಪ ಸ್ವಲ್ಪ ಬೆರೆಸಿ ನಂಬರ್ ಕಮ್ಮಿ ಮಾಡೋ ಐಡಿಯಾ ಯಾರಾದ್ರೂ ಕೊಟ್ಟೇ ಕೊಡ್ತಾರೆ, ಯುರೋಪಲ್ಲಿ ಅದು ನೇರವಾಗಿ ನಿಷೇಧ, ಬೇರೆ ಕಡೆ ನಿಯಮ ಏನೇ ಇರ್ಲಿ ಗಂಟು ಗಂಟಾಗಿರೋ ವಿಷ ಸಮನಾಗಿ ಕಲೆಯಲ್ಲ, ಯಾವುದೋ ಒಂದು ಚೀಲಕ್ಕೆ ಪೂರ್ತಿ ಹೋಗತ್ತೆ. ಮಾಲು ವಾಪಸ್ ಕಳಿಸೋದಾದ್ರೆ ರಿಪೋರ್ಟ್ ಕಾಪಿ ಜೊತೆಗೇ ಕಳಿಸಿ, ಚೀಲದ ಮೇಲೆ ದೊಡ್ಡದಾಗಿ ಬರೆದು ಕಳಿಸಿ, ಇಲ್ಲಾಂದ್ರೆ ಅದೇ ಮಾಲು ಇನ್ನೊಬ್ಬರ ಗೇಟಿಗೆ ಹೋಗಿ ನಿಲ್ಲತ್ತೆ.